ನಜ್ರಾನಿನ ದಾರಂದ

ಸೌದಿಯ ಬೆಟ್ಟದೂರು ಅಭಾದಿಂದ ನಜ್ರಾನಿಗೆ ಹತ್ತಿರ ಹತ್ತಿರ ಇನ್ನೂರೆಂಬತ್ತು ಕಿಲೋಮೀಟರ್. ಶುಕ್ರವಾರ ಬೆಳಗಿನ ಬಸ್ಸಿಗೆ ಎಪ್ಪತ್ತು ರಿಯಾಲ್ ಕೊಟ್ಟು ಹತ್ತಿದೆ. ಸ್ವೆಟರ್ ಹಾಕಿ ಹೊರಟವನು ಬೆಟ್ಟ ಇಳಿಯುತ್ತಿದ್ದಂತೆ ಅದನ್ನು ಮಡಚಿ ತೊಡೆಯ ಮೇಲಿಟ್ಟುಕೊಂಡೆ. ನಾನು ಕೆಲಸ ಮಾಡುವ ಆಸ್ಪತ್ರೆಯ ಲ್ಯಾಬಿಗೆ ಎರಡು ದಿನ ರಜೆ. ಹೊರಟದ್ದು ಮಾತ್ರ ತಂಗಿಯ ಮಗಳ ಕೆಲಸಕ್ಕೆ.

ಸಫಿಯಾ ಮಂಗಳೂರಿನಲ್ಲಿ ಅರಬಸ್ತಾನದ ಯಹೂದಿಗಳ ಚರಿತ್ರೆಯ ಮೇಲೆ ಪಿಎಚ್.ಡಿ. ಮಾಡುತ್ತಿದ್ದಳು. ನಜ್ರಾನಿನ ಯಹೂದಿ ಅಕ್ಕಸಾಲಿಗರು ಊರು ಬಿಟ್ಟು ಅರುವತ್ತು ವರ್ಷ ದಾಟಿದೆ. ಅವರಲ್ಲೊಬ್ಬನ ಮನೆ ಒಂದು ಓಣಿಯ ಮೂರು ಮಣ್ಣಿನ ಮನೆಗಳಲ್ಲಿ ಯಾವುದೋ ಒಂದು ಎಂದಷ್ಟೇ ಅವಳಿಗೆ ತಿಳಿದಿತ್ತು. ಮೂರನ್ನೂ ಮುಂದಿನ ವಾರ ಕೆಡವುವವರಿದ್ದರು.

"ಬಾಗಿಲಿನ ಬಲಗಡೆಯ ದಾರಂದದಲ್ಲಿ ಬೆರಳುದ್ದದ ಗುಳಿ ಇರ್ತದೆ ಮಾಮ. ದೇವವಾಕ್ಯ ಬರೆದ ಸುರುಳಿ ಇಡುವ ಜಾಗ. ಅದರ ಫೋಟೋ ಇಲ್ಲದಿದ್ರೆ ಆ ಅಧ್ಯಾಯವೇ ಬಿಡು ಅಂತ ಗೈಡ್ ಹೇಳಿದ್ದಾರೆ" ಎಂದಿದ್ದಳು.

ನಜ್ರಾನಿನಲ್ಲಿ ಬಟ್ಟೆ ಅಂಗಡಿ ಇಟ್ಟಿರುವ ಭಟ್ಕಳದ ಇಸ್ಮಾಯಿಲ್ ಸಾಹೇಬರು ಜುಮಾ ನಮಾಜು ಮುಗಿಸಿ ರೊಟ್ಟಿ, ತುಪ್ಪ, ಜೇನು ಉಣ್ಣಿಸಿದರು. "ಎಲ್ಲರೂ ಕೋಟೆ ನೋಡ್ಲಿಕ್ಕೆ ಬರ್ತಾರೆ, ನೀನು ತೂತು ನೋಡ್ಲಿಕ್ಕೆ ಬಂದಿಯಲ್ಲ ಮಾರಾಯ" ಎಂದು ನಗುತ್ತಲೇ ಓಣಿಗೆ ಬಿಟ್ಟು ಹೋದರು.

ಬೀಗದ ಕೈ ಇದ್ದದ್ದು ನೆರೆಮನೆಯ ಮುದುಕ ಸಾಲಿಹ್ ಹತ್ತಿರ. ಮೂರೂ ಮನೆಗಳ ದಾರಂದಗಳಿಗೆ ಯಾವ ಕಾಲದಲ್ಲೋ ಮಣ್ಣು ಮೆತ್ತಿದ್ದರು. ಎಲ್ಲಿಂದ ಕೆರೆಯಲಿ ಎಂದು ನೋಡುತ್ತಿದ್ದಾಗ ನಡುವಿನ ಮನೆಯೊಳಗಿಂದ ಸಣ್ಣ ಸುತ್ತಿಗೆಯ ಸದ್ದು ಬಂತು. ಟಕ್ ಟಕ್. ತುಸು ಬಿಟ್ಟು ಮತ್ತೆ ಟಕ್.

"ಒಳಗೆ ಯಾರಿದ್ದಾರೆ?" ಎಂದು ಅರಬಿಯಲ್ಲಿ ಕೇಳಿದೆ.

"ಯಾರೂ ಇಲ್ಲ. ನಾನು ಸಣ್ಣವನಿದ್ದಾಗಿನಿಂದ ಕುಟ್ಟುತ್ತದೆ" ಎಂದು ಸಾಲಿಹ್ ಬಾಗಿಲು ತೆರೆದ.

ನೆಲದ ಧೂಳಿನ ಮೇಲೆ ಒಂದು ಹೆಜ್ಜೆಯ ಗುರುತೂ ಇರಲಿಲ್ಲ. ಸದ್ದು ಒಳಕೋಣೆಯಲ್ಲಿತ್ತು. ನಾನು ಅಲ್ಲಿಗೆ ಹೋದರೆ ಅದು ಈಗಷ್ಟೇ ಬಿಟ್ಟುಬಂದ ಕೋಣೆಯಲ್ಲಿ ಕೇಳಿತು. ಒಳಗಿನ ಕತ್ತಲೆಗೆ ಬೆನ್ನು ಹಾಕಿ, ಬೆಳಕಿನ ಕಡೆ ಮುಖ ಮಾಡಿ ನಿಂತು ಬಲಗಡೆಯ ದಾರಂದ ಕೆರೆದೆ. ಮರ ನುಣುಪಾಗಿತ್ತು, ಗುಳಿ ಇರಲಿಲ್ಲ. ಸೂರ್ಯ ಮುಳುಗಿದ. ಸುತ್ತಿಗೆ ಅರ್ಧ ಲಯದಲ್ಲಿ ನಿಂತಿತು.

ಸಾಹೇಬರ ಮನೆಯಿಂದ ಫೋನ್ ಮಾಡಿದಾಗ ಸಫಿಯಾ ಅಳುವುದೊಂದು ಬಾಕಿ. ಆಮೇಲೆ ಕೇಳಿದಳು, "ಎಲ್ಲಿ ನಿಂತು ನೋಡಿದ್ರಿ ಮಾಮ?" ಒಳಗೆ ನಿಂತು ಎಂದೆ. "ಎಂತ ಮಾಮ ನೀವು! ಒಳಗೆ ಹೋಗುವವನ ಬಲ ಅದು. ನೀವು ಹೊರಗೆ ಬರುವವನ ಬಲ ಕೆರೆದಿದ್ದೀರಿ."

ಶನಿವಾರ ಬೆಳಿಗ್ಗೆ ಮತ್ತೆ ಹೋದೆ. ಓಣಿಯಲ್ಲಿ ಉಸಿರಿನಷ್ಟೂ ಸದ್ದಿಲ್ಲ. ಹಿಂದಿನ ದಿನದ ಸದ್ದಿಗಿಂತ ಈ ಮೌನಕ್ಕೇ ಹೆಚ್ಚು ಹೆದರಿದೆ. "ಇವತ್ತು ಕುಟ್ಟುವುದಿಲ್ಲವೇ?" ಎಂದು ಕೇಳಿದೆ.

"ಶನಿವಾರ ಅಲ್ಲವೇ, ಯಹೂದಿಗೆ ರಜೆ. ನಿನ್ನೆ ಸಂಜೆಯಿಂದ ಇವತ್ತು ನಕ್ಷತ್ರ ಮೂಡುವವರೆಗೆ" ಎಂದ ಸಾಲಿಹ್, ಪಕ್ಕದ ಅಂಗಡಿಯ ಸುದ್ದಿ ಹೇಳುವವನಂತೆ.

ಹೊರಗೆ ನಿಂತು ಬಲಗಡೆ ಕೆರೆದೆ. ಎದೆಯೆತ್ತರದಲ್ಲಿ ಮಣ್ಣು ಉದುರಿ, ಓರೆಯಾದ ಗುಳಿ ಕಾಣಿಸಿತು. ಸುರುಳಿ ಇರಲಿಲ್ಲ, ಹೋಗುವಾಗ ಕೊಂಡೊಯ್ದಿರಬೇಕು. ಬೆರಳಿಟ್ಟರೆ ಸರಿಯಾಗಿ ಕೂತಿತು. ಆ ಮಣ್ಣುಗೋಡೆಯ ನೆರಳಿನಲ್ಲಿ ಮರ ಬೆಚ್ಚಗಿತ್ತು, ಈಗಷ್ಟೇ ಯಾರೋ ಮುಟ್ಟಿ ಹೋದ ಹಾಗೆ.

ಫೋಟೋ ತಲುಪಿದ್ದೇ ಸಫಿಯಾ ಫೋನ್ ಮಾಡಿದಳು. "ಅಧ್ಯಾಯ ಉಳಿಯಿತು ಮಾಮ. ಮೂರರಲ್ಲಿ ಇದೇ ಮನೆ ಅಂತ ಹೇಗೆ ಗೊತ್ತಾಯ್ತು? ಅಡಿಟಿಪ್ಪಣಿಗೆ ಬೇಕು."

"ನೆರೆಯವರು ಹೇಳಿದ್ದು ಅಂತ ಬರಿ" ಎಂದೆ.

ಮಗ್ರಿಬ್ ನಮಾಜು ಮುಗಿಸಿ ಬಸ್ಸಿಗೆ ಹೊರಟಾಗ, ಕಾರನ್ನು ಓಣಿಯ ಬಾಯಲ್ಲಿ ಒಮ್ಮೆ ನಿಲ್ಲಿಸಲು ಸಾಹೇಬರಿಗೆ ಹೇಳಿದೆ. ಆಕಾಶದಲ್ಲಿ ನಕ್ಷತ್ರಗಳು ಮೂಡುತ್ತಿದ್ದವು. ನಡುವಿನ ಮನೆಯೊಳಗೆ ಸುತ್ತಿಗೆಯ ಮೊದಲ ಪೆಟ್ಟು ಬಿತ್ತು, ಆಮೇಲೆ ಎರಡನೆಯದು.

"ಎಂತ ಅದು?" ಎಂದರು ಸಾಹೇಬರು. ಅವರ ಮುಖದಲ್ಲಿ ನಗು ಇರಲಿಲ್ಲ.

"ರಜೆ ಮುಗೀತು. ಇನ್ನೊಂದು ವಾರದ ಕೆಲಸ ಉಂಟು ಅವರಿಗೆ" ಎಂದೆ.