ಪ್ರಚಾರದ ಜೀಪಿನಲ್ಲಿ ಗಿಟಾರು

ಇದನ್ನು ಬರೆಯಬೇಕೆಂದು ಕುಳಿತಾಗಲೆಲ್ಲ ನನಗೆ ಬೇರೇನಾದರೂ ಕೆಲಸ ನೆನಪಾಗುತ್ತಿತ್ತು. ಒಮ್ಮೆ ಕನ್ನಡಕ ಸಿಗಲಿಲ್ಲ, ಒಮ್ಮೆ ಕರೆಂಟು ಇರಲಿಲ್ಲ, ಇನ್ನೊಮ್ಮೆ ಎರಡೂ ಇದ್ದವು, ಧೈರ್ಯ ಇರಲಿಲ್ಲ. ಹೀಗೆಯೇ ಮುದುಕನಾದೆ.

ಇವತ್ತು ಬೆಳಿಗ್ಗೆ ಜಹೀರಾಬಾದಿನ ನಮ್ಮ ಓಣಿಗೆ ಪ್ಲಾಸ್ಟಿಕ್ ಸಾಮಾನು ಮಾರುವ ಆಟೋ ಬಂತು. ದಿನವೂ ಬರುತ್ತದೆ. ಆದರೆ ಇವತ್ತು ಬಕೆಟ್, ಮಗ್ಗು, ಟಬ್ಬು ಎಂಬ ಕೂಗಿಗೆ ಮೊದಲು ಯಾರೋ ಎಲ್ಲಿಂದಲೋ ತಂದು ಸೇರಿಸಿದ ಎಲೆಕ್ಟ್ರಿಕ್ ಗಿಟಾರಿನ ತುಣುಕೊಂದು ಕೇಳಿಸಿತು. ಗಡ್ಡ ಮಾಡಿಕೊಳ್ಳುತ್ತಿದ್ದವನು ಅರ್ಧ ಮುಖದ ನೊರೆಯೊಂದಿಗೇ ಬಾಗಿಲಿಗೆ ಬಂದು ನಿಂತೆ.

"ಬಕೇಟ ತೊಗೋತೀರೇನ್ರಿ?" ಎಂದಳು ಮನೆಯಾಕೆ.

"ಇಲ್ಲ, ಬಾಜಾ ಕೇಳ್ಲತ್ತೀನಿ."

"ಬಕೇಟಿನ ಬಾಜಾ! ಮುಖಾ ತೊಳಕೋರಿ ಮೊದ್ಲ" ಎಂದು ನಕ್ಕು ಒಳಗೆ ಹೋದಳು. ಅಲ್ಲಿಯ ತನಕ ಅವಳಿಗೂ ನಾನು ಇದನ್ನು ಹೇಳಿರಲಿಲ್ಲ.

ನಾನು ಹತ್ತನೆಯ ತರಗತಿ ಪಾಸಾದವನು. ಅಷ್ಟರ ಮೇಲೆ ಜೀವನವಿಡೀ ಜಾಹೀರಾತು ಬರೆದು ಉಂಡೆ. ಈ ಕೆಲಸದವನಿಗೆ ಕಾಪಿರೈಟರ್ ಎನ್ನುತ್ತಾರೆಂದು ಗೊತ್ತಾದದ್ದು ಹೈದರಾಬಾದಿಗೆ ಹೋದ ಮೇಲೆ. ಅದಕ್ಕೂ ಮೊದಲು ಇದೇ ಊರಿನ ಒಂದು ಪ್ರಚಾರದ ಜೀಪಿನಲ್ಲಿ ಮೈಕು ಹಿಡಿದು ಕೂಗುತ್ತಿದ್ದೆ. ಕನ್ನಡದಲ್ಲಿ ಒಮ್ಮೆ, ತೆಲುಗಿನಲ್ಲಿ ಒಮ್ಮೆ, ದಖನಿ ಉರ್ದುವಿನಲ್ಲಿ ಒಮ್ಮೆ. ಸೀರೆ ಅಂಗಡಿಯಿರಲಿ, ಸರ್ಕಸ್ಸಿರಲಿ, ನನ್ನ ಬಳಿ ಇದ್ದ ಮಾಲು ಒಂದೇ: ಭವ್ಯ, ದಿವ್ಯ, ಅತ್ಯದ್ಭುತ. ಮೂಲವ್ಯಾಧಿಯ ಔಷಧವನ್ನೂ ಭವ್ಯ ಎಂದೇ ಬರೆದಿದ್ದೆ.

ಆ ಜೀಪನ್ನು ಓಡಿಸುತ್ತ, ಅದರ ಮೇಲಿನ ಹಾರ್ನ್ ಸ್ಪೀಕರು, ಆಂಪ್ಲಿಫೈಯರು, ಕ್ಯಾಸೆಟ್ಟುಗಳನ್ನು ನೋಡಿಕೊಳ್ಳುತ್ತಿದ್ದವನನ್ನು ಎಲ್ಲರೂ ಉಸ್ತಾದ್ ಎನ್ನುತ್ತಿದ್ದರು. ಆ ಬಿರುದನ್ನು ಅವನಿಗೆ ಕೊಟ್ಟವನು ಅವನೇ. ನಾಗಲಗಿದ್ದ ಎಂಬ ಊರಿನವನು, ಕುರಿ ಸಾಕುವ ಮನೆಯವನು. ಭುಜದ ತನಕ ಕೂದಲು ಬಿಟ್ಟಿದ್ದ. "ಎಲ್ಲಾ ಕುರಿ ಉಣ್ಣಿ ಕತ್ತರಸ್ದೆ, ಇದೊಂದು ಕುರಿ ಕೈಗೆ ಸಿಗವಲ್ದು" ಎಂದು ಅವನ ಅಪ್ಪ ಬಂದವರ ಮುಂದೆಲ್ಲ ಹೇಳುತ್ತಿದ್ದ.

ಹೈದರಾಬಾದಿನ ಫುಟ್‌ಪಾತಿನಲ್ಲಿ ಅವನು ಹಳೆಯ ರಾಕ್ ಬ್ಯಾಂಡುಗಳ ಕ್ಯಾಸೆಟ್ಟು ಆರಿಸಿ ತರುತ್ತಿದ್ದ. ಹಾಡಿದವರೆಲ್ಲ ಅವನ ಹಾಗೆಯೇ ಕೂದಲು ಬಿಟ್ಟವರು. ಅವನಿಗೆ ಇಂಗ್ಲಿಷ್ ಬರುತ್ತಿರಲಿಲ್ಲ. ನನಗೆ ಬರುತ್ತದೆ ಎಂದು ನಾನು ನಂಬಿಸಿದ್ದೆ. ನನ್ನನ್ನು ಅವನು ರೈಟರ್ ಎಂದೇ ಕರೆಯುತ್ತಿದ್ದ.

"ಏನಂತಾನೋ ರೈಟರ್ ಇವ?"

"ಪ್ರೀತಿ ಬಗ್ಗೆ ಅದ."

"ನಿನ್ನೀದೂ ಪ್ರೀತೀನೇ ಅಂದಿ. ಇಂವ ಒದರೂದು ಕೇಳಿದ್ರ ಯಾರೋ ಇವನ ಎಮ್ಮಿ ಹೊಡ್ಕೊಂಡು ಹೋಗ್ಯಾರ."

ಒಮ್ಮೆ ನಾರಾಯಣಖೇಡದ ಸಂತೆ ಮುಗಿಸಿ ಮನೂರಿನ ಕಡೆ ಹೊರಟಿದ್ದೆವು. ತೊಗರಿ ಹೊಲಗಳ ನಡುವೆ ಜೀಪು ನಿಲ್ಲಿಸಿ, ಎಂಜಿನ್ ಆರಿಸಿ, ಒಂದು ಕ್ಯಾಸೆಟ್ಟು ಹಾಕಿದ. ಗಿಟಾರೊಂದೇ ನಿಧಾನವಾಗಿ ಶುರುವಾಯಿತು. ಎಷ್ಟು ಹೊತ್ತಾದರೂ ಮಾತಿಲ್ಲ. ಹಿಂದೆ ಎಲ್ಲೋ ಡ್ರಮ್ಮು ಕಾಯುತ್ತ ಕುಳಿತಂತಿತ್ತು. ಆಮೇಲೆ ಉಸಿರು ಹಿಡಿದಷ್ಟು ಹೊತ್ತು ಎಲ್ಲವೂ ನಿಂತು, ಮರುಕ್ಷಣ ಎಲ್ಲ ಒಟ್ಟಿಗೇ ಬಂದು ಮೈಮೇಲೆ ಬಿತ್ತು. ಒಂದು ಶಬ್ದವೂ ಅರ್ಥವಾಗಲಿಲ್ಲ. ಕೈಮೇಲಿನ ಕೂದಲು ಮಾತ್ರ ಎದ್ದು ನಿಂತಿದ್ದವು.

"ತಿಳೀತೇನು? ನೀ ಮೈಕ್ ಹಿಡದ ಕೂಡ್ಲೇ ದುಕಾನದ ಹೆಸ್ರು ಒದರ್ತಿ. ಯಾರ ಕೇಳ್ತಾರ? ಮೊದ್ಲ ಮಂದಿ ಕಿವಿ ತೆರೀಲಿ. ಹೆಸ್ರು ಕಡೀಕ. ಅದೂ ಒಂದೇ ಸಲ. ಆಮ್ಯಾಗ ಬಾಯಿ ಮುಚ್ಕೊಂಡು ಕೂಡು."

ಹೈದರಾಬಾದಿನ ಏಸಿ ಕೋಣೆಗಳಲ್ಲಿ ಸೂಟು ಹಾಕಿದವರು ಜಾಹೀರಾತಿನ ಬಗ್ಗೆ ಮಾಡಿದ ಭಾಷಣಗಳನ್ನು ಮುಂದೆ ಬಹಳ ಕೇಳಿದೆ. ಆ ತೊಗರಿ ಹೊಲದ ಮಾತಿಗೆ ಸಮನಾದದ್ದನ್ನು ಕೇಳಲಿಲ್ಲ. ಇವತ್ತಿಗೂ ಅಂಥ ಹಾಡು ಕಿವಿಗೆ ಬಿದ್ದರೆ ಆ ವಾದಕರ ತಾಳ್ಮೆಗೆ ಬೆರಗಾಗುತ್ತೇನೆ. ಅಷ್ಟು ಗದ್ದಲ ಮಾಡಬಲ್ಲವರು ಅಷ್ಟು ಹೊತ್ತು ಸುಮ್ಮನಿರುವುದೆಂದರೆ ಸಣ್ಣ ಮಾತಲ್ಲ.

ಉಸ್ತಾದ್ ಹಳೆಯ ಗಿಟಾರೊಂದನ್ನು ಕೊಂಡು, ಅದರ ಹೊಟ್ಟೆಗೆ ಒಂದು ಮೈಕು ಅಂಟಿಸಿ, ಜೀಪಿನ ಆಂಪ್ಲಿಫೈಯರಿಗೆ ಜೋಡಿಸಿ ನುಡಿಸುತ್ತಿದ್ದ. ಅವನೇ ಕಟ್ಟಿದ ರಾಗ ಒಂದಿತ್ತು. ಸಂಜೆ ಕುರಿಗಳು ದೊಡ್ಡಿಗೆ ಮರಳುವಾಗಿನ ಗಂಟೆಯ ಸದ್ದು ಅದರಲ್ಲಿತ್ತು, ಆ ಉದ್ದ ಕೂದಲಿನವರ ಆರ್ಭಟವೂ ಇತ್ತು. ತಾಂಡೂರಿನ ಸೀರೆ ಅಂಗಡಿಯೊಂದರ ಪ್ರಚಾರ ಸಿಕ್ಕಾಗ ಆ ರಾಗವೇ ಬೇಕೆಂದು ಹಟ ಹಿಡಿದವನು ನಾನು.

"ಅದು ಸೀರಿ ಮಾರಾಕ ಮಾಡಿದ್ದಲ್ಲೋ" ಎಂದ.

"ಒಂದ ಸಲ ಕೊಡೋ ಉಸ್ತಾದ್. ಸುತ್ತ ಹತ್ತೂರು ಕೇಳ್ತಾವ."

ಆ ಮಾತಿಗೆ ಕರಗಿದ. ಕ್ಯಾಸೆಟ್ಟು ತುಂಬಿದೆವು: ಉದ್ದಕ್ಕೂ ಗಿಟಾರು, ಕೊನೆಗೆ ನನ್ನ ದನಿಯಲ್ಲಿ ಒಂದೇ ಸಲ ಅಂಗಡಿಯ ಹೆಸರು.

ಅಂಗಡಿಯ ಸಾವ್ಕಾರರು ಕೇಳಿ ಸಿಟ್ಟಾದರು. "ಏನೋ ಇದು ಟಣಟಣ! ನಂದು ಹೆಸ್ರೆಲ್ಲಿ ಅದ? ನಾ ಸೀರಿ ದುಕಾನ ತೆರ್ದೀನೋ, ಬ್ಯಾಂಡ್ ಕಂಪನಿಯೋ?"

"ನಾ ಬ್ಯಾಡಂದಿದ್ದೆ ರೀ ಸಾವ್ಕಾರ್ರ. ಎಲ್ಲಾ ಇವಂದೇ ಹುಚ್ಚು" ಎಂದುಬಿಟ್ಟೆ.

ಉಸ್ತಾದ್ ನನ್ನ ಕಡೆ ಒಮ್ಮೆ ನೋಡಿ ಟೇಪ್ ನಿಲ್ಲಿಸಿದ. ಬೇರೆ ಕ್ಯಾಸೆಟ್ಟು ತುಂಬಲು ಸಮಯವಿರಲಿಲ್ಲವಾದ್ದರಿಂದ "ಇವತ್ತೊಂದಿನ ತಿರುಗ್ರಿ, ನಾಳಿಂದ ಇದು ಬ್ಯಾಡ" ಎಂದರು ಸಾವ್ಕಾರರು. ತಾಂಡೂರಿನ ಬೀದಿಗಳಲ್ಲಿ, ಪೆದ್ದೆಮುಲ್ ಕಡೆಯ ಹಳ್ಳಿಗಳಲ್ಲಿ ಸುತ್ತಿ ಸಂಜೆ ಮರಳಿದರೆ ಅಂಗಡಿಯ ಮುಂದೆ ಚಪ್ಪಲಿ ಬಿಡಲು ಜಾಗವಿಲ್ಲ. "ಆ ಬಾಜಾದ ದುಕಾನ ಇದೇ ಏನ್ರಿ?" ಎಂದು ಕೇಳುತ್ತ ಹೆಂಗಸರು ಇನ್ನೂ ಬರುತ್ತಿದ್ದರು.

ಸಾವ್ಕಾರರು ನನ್ನ ಬೆನ್ನು ತಟ್ಟಿದರು. "ಶಾಭಾಷ್! ಖರೇ ಹೇಳು, ಇದು ಯಾರ ತಲಿ?"

"ನಂದೇ ರೀ."

"ಆ ಬಾಜಾನೂ?"

"ಹೂಂ ರೀ. ನಾನೇ ಕಟ್ಟಿದ್ದು."

ಉಸ್ತಾದ್ ಹೊಸ್ತಿಲಲ್ಲಿ ಕುಳಿತು ವೈರು ಸುತ್ತುತ್ತಿದ್ದ. ತಲೆ ಎತ್ತಿ, "ಭಾಳ ಹುಷಾರ್ ಇದ್ದಾನ್ರಿ ಸಾವ್ಕಾರ್ರ ನಮ್ಮ ರೈಟರ್" ಎಂದ. ಆ ದನಿಯಲ್ಲಿ ಚುಚ್ಚುವುದೇನಾದರೂ ಇದ್ದಿದ್ದರೆ ನನಗೆ ಎಷ್ಟೋ ಹಗುರಾಗುತ್ತಿತ್ತು. ಇರಲಿಲ್ಲ. ಜಹೀರಾಬಾದ್ ಮುಟ್ಟುವ ತನಕ ಅವನು ಯಾವ ಕ್ಯಾಸೆಟ್ಟನ್ನೂ ಹಾಕಲಿಲ್ಲ, ಅಷ್ಟೇ.

ಆ ಒಂದು ಜಾಹೀರಾತು ನನ್ನನ್ನು ಹೈದರಾಬಾದಿನ ಒಂದು ಜಾಹೀರಾತು ಕಂಪನಿಗೆ ಒಯ್ದಿತು. ಅಲ್ಲಿ ಯಾರು ಕೇಳಿದರೂ ಕುರಿಗಂಟೆಯ ರಾಗ ಹೊಳೆದದ್ದು ನನಗೇ ಎಂದು ಹೇಳುತ್ತ ಬಂದೆ. ಹೇಳಿ ಹೇಳಿ ಕೊನೆಕೊನೆಗೆ ನಾನೇ ಅರ್ಧ ನಂಬಿದ್ದೆ. ಅವನು ಊರಿಗೆ ಮರಳಿ ಕುರಿ ನೋಡಿಕೊಂಡ. ಹೋದ ಚಳಿಗಾಲದಲ್ಲಿ ನಾರಾಯಣಖೇಡದ ಬಸ್‌ಸ್ಟ್ಯಾಂಡಿನಲ್ಲಿ ಯಾರೋ "ಏ ರೈಟರ್!" ಎಂದು ಕೂಗಿದರು. ತಿರುಗಿದರೆ ಅವನೇ. ಕೂದಲು ನೆರೆತು ಗಿಡ್ಡವಾಗಿದ್ದವು, ನಗು ಮಾತ್ರ ಹಾಗೇ ಇತ್ತು. ನಾನು ಫೋನು ಕಿವಿಗೆ ಹಿಡಿದು, ಕೇಳಿಸದವನಂತೆ ಎದುರಿಗಿದ್ದ ಬಸ್ಸು ಹತ್ತಿದೆ. ಫೋನಿನಲ್ಲಿ ಯಾರೂ ಇರಲಿಲ್ಲ. ಆ ಬಸ್ಸು ನಮ್ಮೂರಿನದೂ ಆಗಿರಲಿಲ್ಲ.

ಇವತ್ತು ಆಟೋ ಹೋದ ಮೇಲೆ ಮುಖ ತೊಳೆದು ಮನೆಯಾಕೆಯನ್ನು ಕೂರಿಸಿಕೊಂಡು ಎಲ್ಲ ಹೇಳಿದೆ. ಈ ಸಲ ಅವಳು ನಗಲಿಲ್ಲ. "ನಾಗಲಗಿದ್ದಕ್ಕ ಬಸ್ ಎಷ್ಟೊತ್ತಿಗದ?" ಎಂದು ಮಾತ್ರ ಕೇಳಿದಳು. ನಾಳೆ ಹೊರಡುತ್ತೇವೆ. ಆದರೆ ಕದ್ದದ್ದು ನಾಲ್ಕು ಜನರ ಎದುರು. ಒಪ್ಪಿಕೊಳ್ಳುವುದೂ ನಾಲ್ಕು ಜನರ ಎದುರೇ ಆಗಲೆಂದು ಮೊದಲು ನಿಮ್ಮ ಮುಂದೆ ಹೇಳುತ್ತಿದ್ದೇನೆ. ಇಷ್ಟು ಹೊತ್ತು ಅವನ ಹೆಸರನ್ನು ಹೇಳದೆ ಉಳಿಸಿಕೊಂಡದ್ದು ಅವನೇ ಕಲಿಸಿದ ಹಾಗೆ. ಕೊನೆಗೆ, ಒಂದೇ ಸಲ, ಆಮೇಲೆ ನಾನು ಬಾಯಿ ಮುಚ್ಚಿಕೊಂಡು ಕೂಡಬೇಕು.

ಆ ರಾಗ ಕಟ್ಟಿದವನು ನಾಗಲಗಿದ್ದದ ಬೀರಪ್ಪ.