ಇಂಜಿನ್ನಿನ ಟಾನಿಕ್ಕೂ ನಮ್ಮ ಹಿಟ್ಟಿನ ಮಿಷನ್ನೂ

ಇಂಜಿನ್ನಿಗೆ ಹಾಕುವ ಟಾನಿಕ್ ಬರೀ ಸುಳ್ಳು. ಓದಿ ತಿಳಿದದ್ದಲ್ಲ, ನಾನು ಓದಿರುವುದು ಎರಡನೇ ಕ್ಲಾಸು. ಬೆರಳಲ್ಲಿ ಮುಟ್ಟಿ ತಿಳಿದದ್ದು.

ಯಳಂದೂರಿಂದ ಕೊಳ್ಳೇಗಾಲಕ್ಕೆ ಹೋಗುವ ದಾರಿಯಲ್ಲಿ ನಮ್ಮೂರು. ಕೊಳ್ಳೇಗಾಲ ಕೊಯಮತ್ತೂರು ಜಿಲ್ಲೆ ಬಿಟ್ಟು ಮೈಸೂರಿಗೆ ಸೇರಿ ಆರೇಳು ವರ್ಷ ಆಗಿತ್ತು, ನಮ್ಮೂರಿಗೆ ಕರೆಂಟು ಇನ್ನೂ ಬಂದಿರಲಿಲ್ಲ. ನಮ್ಮ ಯಜಮಾನರೂ ಅವರಣ್ಣನೂ ಒಂದೇ ದಿನ ಒಂದೇ ಅಂಗಡಿಯಿಂದ ಒಂದೇ ಥರದ ಎರಡು ಡೀಸೆಲ್ ಇಂಜಿನ್ ತಂದರು. ಬಾವನದು ಗದ್ದೆ ಬಾವಿಗೆ ಹೋಯಿತು, ನೀರೆತ್ತುವುದಕ್ಕೆ. ನಮ್ಮದು ಮನೆ ಪಕ್ಕದ ಹಿಟ್ಟಿನ ಮಿಷನ್ನಿಗೆ.

ಮೂರನೇ ವರ್ಷ ನಮ್ಮ ಯಜಮಾನರು ಓಡುವ ಬೆಲ್ಟಿಗೆ, ಜಾರದಿರಲಿ ಅಂತ, ರಾಳದ ಪುಡಿ ಉದುರಿಸಲು ಹೋಗಿ ಬಲಗೈಯ ಮೂರು ಬೆರಳು ಕಳಕೊಂಡರು. ಇಂಜಿನ್ನಿನ ಹ್ಯಾಂಡ್ಲು ತಿರುವಲು ಎರಡು ಕೈ ಬೇಕು. ಮಾರನೇ ವಾರದಿಂದ ನಾನೇ ತಿರುವಿದೆ. ಮೊದಲ ದಿನ ಹ್ಯಾಂಡ್ಲು ಹಿಂದಕ್ಕೆ ಒದ್ದು ಮೊಣಕೈ ಊದಿಕೊಂಡಿತು. ಎರಡನೇ ದಿನ ಒದೆಯಲಿಲ್ಲ.

ಒಂದು ದಿನ ಹೆಂಗಸರು ರಾಗಿ ಬೀಸಿಸಲು ಸಾಲು ನಿಂತಿದ್ದಾಗ ಬಾವ ಬಂದರು. "ಮಿಷನ್ ಬೀಗ ಇತ್ತ ಕೊಡಮ್ಮಿ. ಎಂಗುಸ್ರು ಇಂಜಿನ್ ತಿರುವುದ್ರೆ ಊರು ನಗಾಡ್ತದ."

"ನಗಾಡ್ಲಿ ಬಾವ. ರಾಗಿ ಬೀಸಕ ಇಲ್ಲಿಗೇ ಬರ್ಬೇಕಲ್ಲ."

"ಎಂಗುಸ್ರ ಕೈಲಿ ಇಂಜಿನ್ ಉಳ್ದದಾ? ಯುಗಾದಿ ಗಂಟ ನೋಡ್ತೀನಿ. ಅಷ್ಟ್ರಲ್ಲಿ ನಿಂತೋದ್ರೆ ಬೀಗ ನಂದು."

ನಮ್ಮ ಯಜಮಾನರು ನೆಲ ನೋಡಿಕೊಂಡು ಹೂಂ ಅಂದರು. ಆ ಹೂಂ ಅಂದದ್ದಕ್ಕೆ ಎರಡು ದಿನ ನಾನು ಅವರನ್ನು ಮಾತಾಡಿಸಲಿಲ್ಲ.

"ನಿಮ್ದು ನಿಂತೋದ್ರೆ?" ಅಂತ ಬಾವನನ್ನು ಕೇಳಿದೆ.

"ನಂದ್ಯಾಕ ನಿಂತದು?"

"ನಿಂತೋದ್ರೆ?"

"ನಿಂತೋದ್ರೆ ನಾನೇ ರಾಗಿ ಮೂಟೆ ಒತ್ಕಂಡು ಬಂದು ಈ ಎಂಗುಸ್ರ ಸಾಲ್ನಲ್ಲಿ ನಿಂತ್ಕತೀನಿ, ಆಯ್ತಾ?"

ಸಾಲಲ್ಲಿದ್ದವರೆಲ್ಲ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕರು. ಜಮೀನುಳ್ಳ ಗಂಡಸು ಹಿಟ್ಟಿನ ಸಾಲಲ್ಲಿ ನಿಂತದ್ದು ನಮ್ಮೂರಲ್ಲಿ ಇರಲೇ ಇಲ್ಲ. ಹೆಂಗಸರಿಲ್ಲದ ಮನೆಯವನು ಕೂಡ ಪಕ್ಕದ ಮನೆಯವಳ ಕೈಲಿ ಕಳಿಸುತ್ತಿದ್ದ.

ಸುಗ್ಗಿ ಮುಗಿದ ಮೇಲೆ ಒಬ್ಬ ಸೈಕಲ್ಲಿನಲ್ಲಿ ಡಬ್ಬ ಕಟ್ಟಿಕೊಂಡು ಬಂದ. ಒಳಗೆ ಕೆಂಪಗಿನ ಮಂದ ಎಣ್ಣೆ. "ಹನೂರಿನ ಲಾರಿಯೋರೆಲ್ಲ ಇದ್ನೇ ಹಾಕದು ತಾಯಿ. ಮನುಷ್ಯಂಗೆ ಟಾನಿಕ್ ಇದ್ದಂಗೆ. ಇಂಜಿನ್ ಮೈ ತಂಪಾಯ್ತದೆ, ಡೀಸೆಲ್ ಉಳೀತದೆ. ಹಳೇ ಆಯಿಲ್ ಬದಲಾಯ್ಸೋ ಕೆಲ್ಸವೇ ಇಲ್ಲ" ಅಂದ. ಬಾವನ ಇಂಜಿನ್ನಿಗೆ ಎಲ್ಲರ ಎದುರಿಗೇ ಒಂದು ಡಬ್ಬ ಸುರಿದ. ಟಕಟಕ ಅಂತಿದ್ದದ್ದು ಗಳಿಗೆಯಲ್ಲಿ ಮೆತ್ತಗಾಯಿತು. ಬಾವ ಇನ್ನೂ ನಾಲ್ಕು ಡಬ್ಬ ತಕಂಡರು. ನಾನೂ ಒಂದು ತಕಂಡೆ. ನನಗೂ ಆಸೆ ಆಯಿತು, ಸುಳ್ಳು ಯಾಕೆ ಹೇಳಲಿ.

ಅರ್ಧ ಡಬ್ಬ ಹಾಕಿದೆ. ನಮ್ಮದೂ ಮೆತ್ತಗಾಯಿತು. ಆದರೆ ನನಗೆ ಒಂದು ಚಾಳಿ ಇತ್ತು. ನಮ್ಮಪ್ಪನ ಮನೆ ಕುಂತೂರಿನ ಕಡೆ, ಆಲೆಮನೆಯಲ್ಲೇ ಬೆಳೆದವಳು ನಾನು. ಬೆಲ್ಲದ ಪಾಕ ಬಂತೋ ಇಲ್ಲವೋ ಅಂತ ಎರಡು ಬೆರಳಲ್ಲಿ ಹಿಡಿದು ಎಳೆ ನೋಡುತ್ತಿದ್ದೆ. ಇಂಜಿನ್ ಆಯಿಲನ್ನೂ ದಿನಾ ಬೆಳಿಗ್ಗೆ ಅಳತೆ ಕಡ್ಡಿಯಿಂದ ತೆಗೆದು ಹಾಗೇ ನೋಡುತ್ತಿದ್ದೆ. ಬರೀ ಆಯಿಲ್ ಎಳೆ ಬರುವುದಿಲ್ಲ, ಜಾರುತ್ತದೆ. ಟಾನಿಕ್ ಹಾಕಿದ್ದು ಒಂದೆಳೆ ಪಾಕದ ಹಾಗೆ ಬೆರಳಿಂದ ಬೆರಳಿಗೆ ನೂಲು ಬಿಟ್ಟಿತು. ಸದ್ದು ತಗ್ಗಿದ್ದು ಯಾಕೆ ಅಂತ ಆಗ ಗೊತ್ತಾಯಿತು. ಅಲ್ಲಾಡುವ ಒರಳಿನ ಕೆಳಗೆ ಗೋಣಿ ಹಾಸಿದರೆ ಸದ್ದು ತಗ್ಗುತ್ತದೆ, ಒರಳು ರಿಪೇರಿ ಆದಂತಲ್ಲ. ಹತ್ತನೇ ದಿನಕ್ಕೆ ನೂಲು ಕಡಿದುಹೋಯಿತು, ಸದ್ದು ವಾಪಸ್ ಬಂತು.

ಡೀಸೆಲ್ ಉಳಿಯುತ್ತದೆ ಅಂದಿದ್ದನಲ್ಲ, ಅದನ್ನೂ ನೋಡೇ ಬಿಡೋಣ ಅನ್ನಿಸಿತು. ಡೀಸೆಲ್ ಟ್ಯಾಂಕಿಗೆ ಸುಣ್ಣದಲ್ಲಿ ಗುರುತು ಮಾಡಿ ಗುರುತಿನವರೆಗೆ ತುಂಬಿದೆ. ಅದು ಮುಗಿಯುವ ತನಕ ಒಂದು ಕುಕ್ಕೆ ರಾಗಿ ಬೀಸಿದರೆ ಗೋಡೆಗೆ ಇದ್ದಿಲಲ್ಲಿ ಒಂದು ಗೆರೆ. ಟಾನಿಕ್ ಇನ್ನೊಂದಿಷ್ಟು ಹಾಕಿದಾಗ ಒಂದು ಸಾಲು. ಅದನ್ನೆಲ್ಲ ಬಿಟ್ಟು ಹೊಸ ಆಯಿಲ್ ಹಾಕಿದಾಗ ಕೆಳಗೆ ಇನ್ನೊಂದು ಸಾಲು. ನಮ್ಮ ಯಜಮಾನರು "ಸುಣ್ಣ ಬಳ್ದ ಗೋಡೆ ಹಾಳು ಮಾಡ್ಬುಟ್ಟಲ್ಲ" ಅಂದರು. ಎರಡು ಸಾಲೂ ಒಂದೇ ಕಡೆ ಮುಗಿದವು. ಟಾನಿಕ್ಕಿನ ಸಾಲು ಒಂದು ಗೆರೆಯೂ ಮುಂದೆ ಹೋಗಲಿಲ್ಲ.

ಡಬ್ಬದಲ್ಲಿ ಉಳಿದದ್ದನ್ನು ತಕಂಡು ಬಸ್ಸು ಹತ್ತಿ ಕೊಳ್ಳೇಗಾಲದಲ್ಲಿ ಇಂಜಿನ್ ರಿಪೇರಿ ಮೇಸ್ತ್ರಿಗೆ ತೋರಿಸಿದೆ. ಅವನು ಮೂಸಿ ನೋಡಿ ನಕ್ಕ. "ಅಕ್ಕಾ, ಆಯಿಲ್ ಕಂಪ್ನಿಯೋನು ಏನ್ ಮದ್ದು ಬೇಕೋ ಅದ್ನ ಹಾಕೇ ಡಬ್ಬ ಮುಚ್ಚಿರ್ತಾನೆ. ಅದ್ರ ಮೇಲೆ ಇನ್ನೊಂದು ಸುರಿಯೋದು ಸಾರಿಗೆ ಎರಡು ಸಲ ಉಪ್ಪು ಹಾಕ್ದಂಗೆ. ಡೀಸೆಲ್ ಇಂಜಿನ್ ಆಯಿಲೇ ತಕಳಿ, ಹೊತ್ತೊತ್ತಿಗೆ ಬದಲಾಯ್ಸಿ. ಗಾಳಿ ಎಳ್ಕೊಳೋ ಜಾಲರಿ ವಾರಕ್ಕೊಂದ್ಸಲ ತೊಳೀರಿ, ಹಿಟ್ಟಿನ ದೂಳು ಹೊಕ್ಕಿದ್ರೆ ಯಾವ ಟಾನಿಕ್ಕೂ ಕಾಯಲ್ಲ. ಅವ್ವಳವುದಾನ್, ಅಷ್ಟೇ" ಅಂತ ತಮಿಳು ಬೆರೆಸಿ ಹೇಳಿದ.

ಬಾವನಿಗೆ ಹೋಗಿ ಹೇಳಿದೆ. "ನೀನು ನನಗ ಬುದ್ಧಿ ಹೇಳಿಯಾ?" ಅಂದರು. ನಾನು ವಾಪಸ್ ಬಂದು ಜಾಲರಿ ತೊಳೆದೆ. ಅವತ್ತಿಂದ ಒಂದು ವಾರವೂ ತಪ್ಪಿಸಲಿಲ್ಲ. ಉಳಿದ ಟಾನಿಕ್ಕನ್ನು ಎತ್ತಿನಗಾಡಿಯ ಅಚ್ಚಿಗೆ ಸವರಿದೆ. ಅಲ್ಲಿ ಅದು ಚೆನ್ನಾಗಿತ್ತು.

ಶಿವರಾತ್ರಿ ಹೊತ್ತಿಗೆ ಬಾವನ ಡಬ್ಬ ಎಲ್ಲ ಮುಗಿದವು. ಸೈಕಲ್ಲಿನವನು ಮತ್ತೆ ಈ ಕಡೆ ತಲೆ ಹಾಕಲಿಲ್ಲ. ಆಯಿಲ್ ಬದಲಾಯಿಸದೆ ಟಾರಿನ ಹಾಗಾಗಿತ್ತು. ಇಂಜಿನ್ ಕಾಯುತ್ತಿತ್ತು, ಮುಟ್ಟಿದರೆ ಚುರ್ ಅನ್ನುವುದು. ಬಾವ ಯೋಚನೆ ಮಾಡಿದರು. ಟಾನಿಕ್ ಹಾಕಿದ್ದು ಮೈ ತಂಪಾಗಲಿ ಅಂತ. ಮೈ ತಂಪಾಗುವುದಕ್ಕೆ ನಾವು ನೆತ್ತಿಗೆ ಏನು ಹಾಕುತ್ತೇವೆ? ಹರಳೆಣ್ಣೆ. ಮನೆಯಲ್ಲೇ ಕಾಯಿಸಿದ ಹರಳೆಣ್ಣೆ ಎರಡು ಸೇರು ತಕಂಡು ಹೋಗಿ ಆ ಕಪ್ಪು ಆಯಿಲಿನ ಮೇಲೇ ಸುರಿದರು. ಗದ್ದೆ ಬಯಲೆಲ್ಲ ಬಾಣಂತಿ ಕೋಣೆಯ ವಾಸನೆ. ಮೊದಲ ದಿನ ಸದ್ದು ತಗ್ಗಿತು. "ನೋಡು, ಕಾಸು ಕೊಟ್ಟು ತಕಳದೇ ಬ್ಯಾಡ" ಅಂತ ಹೇಳಿಕಳಿಸಿದರು. ಐದನೇ ದಿನ ಬೆಳಿಗ್ಗೆ ಹ್ಯಾಂಡ್ಲು ಅಲ್ಲಾಡಲಿಲ್ಲ. ಇಬ್ಬರು ಆಳು ಜೋತುಬಿದ್ದರೂ ಅಲ್ಲಾಡಲಿಲ್ಲ.

ಯುಗಾದಿಗೆ ಇನ್ನೂ ಹನ್ನೆರಡು ದಿನ ಇತ್ತು.

ಬಾವ ಮಿಷನ್ ಬಾಗಿಲಿಗೆ ಬಂದು ಒಳಗೆ ಕಾಲಿಡದೆ ನಿಂತರು. "ಆ ಕೊಳ್ಳೇಗಾಲದ ಮೇಸ್ತ್ರಿನ ಕರ್ಸಮ್ಮಿ, ಪೈರು ಒಣಗ್ತಾ ಅದ."

ಕರೆಸಿದೆ, ನಾನೂ ಗದ್ದೆಗೆ ಹೋದೆ. ಮೇಸ್ತ್ರಿ ಬಿಚ್ಚಿದ. ಪಿಸ್ಟನ್ನಿನ ರಿಂಗು ಮೂರಕ್ಕೆ ಮೂರೂ ಕೊಪ್ಪರಿಗೆ ತಳ ಹಿಡಿದ ಬೆಲ್ಲದಂಥ ಅಂಟಿನಲ್ಲಿ ಹೂತುಹೋಗಿದ್ದವು. ಅವನು ಬೆರಳು ಮೂಸಿ, "ಗೌಡ್ರೇ, ಇಂಜಿನ್‌ಗೆ ಬೇದಿಗೆ ಕೊಟ್ರಾ?" ಅಂದ. ಆಳುಗಳು ಬದು ದಾಟಿ ಓಡಿದರು, ಎದುರಿಗೆ ನಗುವ ಹಾಗಿರಲಿಲ್ಲ. ನಾನು ಓಡಲಿಲ್ಲ, ಅಲ್ಲೇ ನಿಂತು ನಕ್ಕೆ. ಆಮೇಲೆ ಸೀಮೆಎಣ್ಣೆಯಲ್ಲಿ ಒಂದೊಂದೇ ಭಾಗ ನಾನೇ ತೊಳೆದುಕೊಟ್ಟೆ. ಎರಡು ರಿಂಗು ಬಿಡಿಸುವಾಗಲೇ ಮುರಿದವು, ಹೊಸದು ತರಿಸಿದರು. ಪೈರು ಉಳಿಯಿತು.

ಯುಗಾದಿಯ ಹಿಂದಿನ ದಿನ. ವರ್ಷದಲ್ಲಿ ಅವತ್ತಿನಷ್ಟು ಸಾಲು ಇನ್ಯಾವತ್ತೂ ಇರುವುದಿಲ್ಲ. ಹ್ಯಾಂಡ್ಲು ಒಂದೇ ಸಲ ತಿರುವಿದ್ದಕ್ಕೆ ಇಂಜಿನ್ ಶುರುವಾಯಿತು. ಯಾರೋ "ಅಕ್ಕಾ, ಅಲ್ ನೋಡು" ಅಂದರು. ಬಾವ ಹೆಗಲ ಮೇಲೆ ರಾಗಿ ಮೂಟೆ ಹೊತ್ತು ಬರುತ್ತಿದ್ದರು. ನೇರ ಮುಂದಕ್ಕೆ ಬಂದವರನ್ನು ಒಬ್ಬ ಮುದುಕಿ ತಡೆದಳು. "ಗೌಡ್ರೇ, ಇಂದಕ ಓಗಿ. ನಾವು ಕೋಳಿ ಕೂಗ್ದಾಗ್ಲಿಂದ ನಿಂತಿವಿ." ಹೋಗಿ ಹನ್ನೊಂದನೆಯವರಾಗಿ ನಿಂತರು. ಮಾತು ಅಂದರೆ ಮಾತು, ಆ ಗುಣ ಅವರಲ್ಲಿತ್ತು.

ಸರದಿ ಬಂತು. ಎಲ್ಲರನ್ನೂ ಕೇಳಿದ ಹಾಗೇ ಅವರನ್ನೂ ಕೇಳಿದೆ.

"ನುಣ್ಣಗ ಬೇಕಾ, ತರಿ ಬೇಕಾ?"

"ನುಣ್ಣಗೇ ಮಾಡಮ್ಮಿ."

ಸೊಂಟದಲ್ಲಿದ್ದ ಬೀಗದ ಕೈ ಹಿಂದಕ್ಕೆ ಸರಿಸಿಕೊಂಡು ಅವರ ಮೂಟೆ ಎತ್ತಿ ಸುರಿದೆ. ಹಿಟ್ಟು ಹಾರಿ ಅವರ ಮೀಸೆಯೆಲ್ಲ ಬೆಳ್ಳಗಾಯಿತು.