ಚಿಕ್ಕಮ್ಮನ ಪಾಠಗಳು ಡಿಸ್ಕಿನಲ್ಲಿ ಸಿಕ್ಕಿಕೊಂಡ ದಿನ

"ಕಂಪ್ಯೂಟರ್ ಟಕ್ ಟಕ್ ಅಂತಿದೆ. ಬೇಗ ಬಾ" ಎಂದು ಚಿಕ್ಕಮ್ಮ ಫೋನ್ ಮಾಡಿದಾಗ ನಾನು ಊಟಕ್ಕೆ ಕೂತಿದ್ದೆ. ನಮ್ಮ ನೆಂಟರಿಷ್ಟರಲ್ಲಿ ಕಂಪ್ಯೂಟರ್ ಬಲ್ಲವನೆಂದು ನನಗೆ ದೊಡ್ಡ ಹೆಸರು. ಕೀಲಿಗಳನ್ನು ನೋಡದೆ ಟೈಪ್ ಮಾಡುತ್ತೇನೆ ಎಂಬುದೊಂದೇ ಅದಕ್ಕೆ ಆಧಾರ.

"ಆಫ್ ಮಾಡಿ ಆನ್ ಮಾಡಿದೆಯಾ?" ಎಂದು ನನಗೆ ಗೊತ್ತಿರುವ ಏಕೈಕ ಪ್ರಶ್ನೆ ಕೇಳಿದೆ.

"ಬೆಳಿಗ್ಗೆಯಿಂದ ಅದನ್ನೇ ಮಾಡ್ತಿದೀನಿ. ನಿಮ್ಮ ಚಿಕ್ಕಪ್ಪ ಎರಡೇಟು ಹೊಡೆದದ್ದೂ ಆಯ್ತು."

ತಟ್ಟೆ ಬಿಟ್ಟು ಎದ್ದೆ. ಲ್ಯಾಪ್‌ಟಾಪನ್ನು ಕಂಕುಳಲ್ಲಿ ಇಟ್ಟುಕೊಂಡು ಹೊರಟೆ.

ಚಿಕ್ಕಮ್ಮ ಮೂವತ್ತು ವರ್ಷ ಅಚ್ಚುಮನೆಯೊಂದರಲ್ಲಿ ಓದುವ ಕೆಲಸ ಮಾಡಿದವಳು. ಹೌದು, ಓದುವುದೇ ಕೆಲಸ. ಕರಡು ತಿದ್ದುವವರು ಅಚ್ಚಿನ ಹಾಳೆ ಹಿಡಿದು ಕೂರುತ್ತಿದ್ದರು. ಇವಳು ಎದುರಿಗೆ ಕೂತು ಮೂಲಪ್ರತಿಯನ್ನು ಗಟ್ಟಿಯಾಗಿ ಓದಬೇಕಿತ್ತು, ಅಲ್ಪವಿರಾಮ ಪೂರ್ಣವಿರಾಮಗಳನ್ನೂ ಬಿಡದೆ. ಮದುವೆಯ ಹೊಸದರಲ್ಲಿ ಚಿಕ್ಕಪ್ಪನಿಗೆ ಪೇಪರ್ ಓದಿ ಹೇಳುವಾಗಲೂ "ಮಂತ್ರಿಗಳು ಭರವಸೆ ನೀಡಿದರು ಪೂರ್ಣವಿರಾಮ" ಎನ್ನುತ್ತಿದ್ದಳಂತೆ. ಮಂತ್ರಿಗಳ ವಿಷಯದಲ್ಲಿ ಅದು ನಿಜವೂ ಆಗಿರುತ್ತಿತ್ತು ಎಂದು ಚಿಕ್ಕಪ್ಪ ಇಂದಿಗೂ ಹೇಳುತ್ತಾನೆ.

ಅಚ್ಚುಮನೆ ಬಾಗಿಲು ಹಾಕಿದ ಮೇಲೆ ಅವಳ ಗಂಟಲಿಗೆ ಕೆಲಸವಿಲ್ಲದಂತಾಯಿತು. ಆಗ ಕಣ್ಣು ಕಾಣದ ಹೆಣ್ಣುಮಕ್ಕಳ ಹಾಸ್ಟೆಲಿನವರು ಪಠ್ಯಪುಸ್ತಕಗಳನ್ನು ಓದಿ ರೆಕಾರ್ಡ್ ಮಾಡಿಕೊಡುವವರನ್ನು ಹುಡುಕುತ್ತಿರುವುದು ಗೊತ್ತಾಯಿತು. ಅಡುಗೆಮನೆಯ ಪಕ್ಕದ ಕೋಣೆಯ ಗೋಡೆಗಳಿಗೆ ಸದ್ದು ಬಾರದಂತೆ ಹಳೆಯ ಹಾಸಿಗೆಗಳನ್ನು ಒರಗಿಸಿ, ಯಾರೋ ಬೇಡವೆಂದು ಕೊಟ್ಟ ಕಂಪ್ಯೂಟರನ್ನು ಮೇಜಿನ ಕೆಳಗೆ ಇಟ್ಟುಕೊಂಡು ಶುರುಮಾಡಿದಳು. ಈ ವರ್ಷ ಸಮಾಜ ವಿಜ್ಞಾನದ ಪುಸ್ತಕ ಬದಲಾಗಿತ್ತು. ಹೊಸ ಪುಸ್ತಕದ ರೆಕಾರ್ಡು ಬೇರೆಲ್ಲೂ ಇರಲಿಲ್ಲ. ಮೊದಲರ್ಧ ಮಕ್ಕಳಿಗೆ ತಲುಪಿತ್ತು. ಉಳಿದರ್ಧವೆಲ್ಲ ಆ ಟಕ್ ಟಕ್ ಡಿಸ್ಕಿನೊಳಗಿತ್ತು. ಸೋಮವಾರ ಪರೀಕ್ಷೆ, ಇವತ್ತು ಶನಿವಾರ. ಸಂಜೆ ಐದಕ್ಕೆ ವಾರ್ಡನ್ ಬಂದು ಪಾಠಗಳನ್ನು ಒಯ್ಯುವುದೆಂದು ಮಾತಾಗಿತ್ತು.

"ಒಂದೊಂದು ಪಾಠ ಮುಗಿದ ಹಾಗೇ ಕಳಿಸಿಬಿಡಬಾರದಿತ್ತಾ?" ಎಂದೆ ಕೋಣೆಗೆ ಕಾಲಿಡುತ್ತಲೇ.

"ಎರಡನೇ ಕರಡು ನೋಡದೆ ಹೇಗೋ ಕಳಿಸೋದು?" ಚಿಕ್ಕಮ್ಮನಿಗೆ ನನ್ನ ಪ್ರಶ್ನೆಯೇ ಅಸಹ್ಯವಾಗಿ ಕೇಳಿಸಿತು. ಓದಿದ್ದನ್ನು ಪುಸ್ತಕ ಹಿಡಿದು ಇನ್ನೊಮ್ಮೆ ಕೇಳಿ ತಪ್ಪು ತಿದ್ದಬೇಕು, ಪುಸ್ತಕದ ಒಂದರ್ಧ ಪೂರ್ತಿ ಸರಿಯಾದ ಮೇಲೇ ಹೊರಗೆ ಬಿಡಬೇಕು. ಅಚ್ಚುಮನೆ ಮುಚ್ಚಿದರೂ ಅದರ ಕಾನೂನು ಇವಳ ಕೋಣೆಯಲ್ಲಿ ಜಾರಿಯಲ್ಲಿತ್ತು. "ಆದ್ರೆ ನಾನೇನು ದಡ್ಡಿ ಅಲ್ಲ. ಸಿ ಡ್ರೈವ್‌ನಲ್ಲೂ ಇಟ್ಟಿದೀನಿ, ಡಿ ಡ್ರೈವ್‌ನಲ್ಲೂ ಇಟ್ಟಿದೀನಿ. ಒಂದು ಹೋದ್ರೆ ಇನ್ನೊಂದಿರಲಿ ಅಂತ."

ನಾನು ಹೇಳಲೇಬೇಕಾಯಿತು. "ಚಿಕ್ಕಮ್ಮ, ಸಿ, ಡಿ ಎರಡೂ ಒಂದೇ ಡಿಸ್ಕು. ಒಂದೇ ಬೀರುವಿನ ಎರಡು ಖಾನೆ ಇದ್ದಹಾಗೆ."

ಅವಳು ಕುರ್ಚಿಯ ಬೆನ್ನನ್ನು ಹಿಡಿದುಕೊಂಡಳು. "ಬೀರುವೇ ಹೋಯ್ತು ಅನ್ನು."

ಚಿಕ್ಕಪ್ಪ ಬಾಗಿಲಲ್ಲಿ ನಿಂತಿದ್ದ. ಅವನು ಬಸ್ ಓಡಿಸಿ ನಿವೃತ್ತನಾದವನು. ಇಳಿಜಾರಿನಲ್ಲಿ ತಳ್ಳಿದರೆ ಶುರುವಾಗದ ಯಂತ್ರ ಇನ್ನೂ ಹುಟ್ಟಿಲ್ಲ ಎಂದು ನಂಬಿದವನು. "ಇನ್ನೊಂದೇ ಒಂದು ಸಲ ತಟ್ಟಿ ನೋಡ್ಲಾ?" ಎಂದ.

"ಮುಟ್ಟಿದ್ರೆ ನಿಮಗೆ ತಟ್ತೀನಿ" ಎಂದಳು ಚಿಕ್ಕಮ್ಮ.

ಸ್ವಿಚ್ ಒತ್ತಿದೆ. ಫ್ಯಾನು ಗುಂಯ್ ಎಂದಿತು. ಪರದೆ ಕಪ್ಪಗೇ ಉಳಿಯಿತು, ಡಿಸ್ಕ್ ಸಿಗುತ್ತಿಲ್ಲ ಎಂಬರ್ಥದ ಒಂದು ಇಂಗ್ಲಿಷ್ ಸಾಲು ಮೂಡಿತು. ಒಳಗಿನಿಂದ ಯಾರೋ ಉಗುರಿನಿಂದ ಬಾಗಿಲು ಬಡಿಯುವಂತೆ ಟಕ್, ಟಕ್, ಟಕ್. ಆಫ್ ಮಾಡಿ, ಪ್ಲಗ್ ಕಿತ್ತು, ಪಕ್ಕದ ತಗಡು ಬಿಚ್ಚಿದೆ. ಒಂದು ದಿಂಬಿಗೆ ತುಂಬಿಸುವಷ್ಟು ಧೂಳು. ಕೇಬಲ್ ಸಡಿಲವಾಗಿದ್ದರೆ ಸಾಕಪ್ಪಾ ದೇವರೇ ಎಂದುಕೊಂಡು ಎಲ್ಲ ಕಿತ್ತು ಮತ್ತೆ ಸಿಕ್ಕಿಸಿದೆ. ಬೇರೆ ಕೇಬಲ್ ಹಾಕಿದೆ. ಬೇರೆ ತೂತಿಗೆ ಚುಚ್ಚಿದೆ. ಪ್ರತಿ ಸಲವೂ ಅದೇ ಸಾಲು, ಅದೇ ಟಕ್ ಟಕ್. ಚಿಕ್ಕಮ್ಮ ನನ್ನ ಬೆನ್ನ ಹಿಂದೆ ನಿಂತು ಪ್ರತಿ ಸಲವನ್ನೂ ಬೆರಳು ಮಡಿಸಿ ಎಣಿಸುತ್ತಿದ್ದಳು. ಬೈದಿದ್ದರೆ ವಾಸಿಯಿತ್ತು.

ಇನ್ನು ನನ್ನ ಪಾಂಡಿತ್ಯ ಸಾಲದೆಂದು ನನ್ನ ಲ್ಯಾಪ್‌ಟಾಪನ್ನು ರಿಪೇರಿ ಮಾಡುವವನಿಗೆ ಫೋನ್ ಮಾಡಿದೆ. ಅವನು ಹಲ್ಲಿನ ಡಾಕ್ಟರ ಬಾಗಿಲಲ್ಲಿ ಸರದಿ ಕಾಯುತ್ತಿದ್ದ.

"ಸಾರ್, ಮೊದಲು ಆನ್ ಮಾಡೋದು ನಿಲ್ಲಿಸಿ" ಎಂದ. "ಒಂದೊಂದು ಸಲ ಆನ್ ಮಾಡಿದ್ರೂ ಅದರ ಆಯುಸ್ಸು ಕಮ್ಮಿ ಆಗುತ್ತೆ. ಎಷ್ಟು ಸಲ ಮಾಡಿದ್ರಿ?"

"ಒಂದೆರಡು" ಎಂದೆ. ಚಿಕ್ಕಮ್ಮ ನನ್ನ ಮುಖ ನೋಡಿದಳು.

"ಡಿಸ್ಕ್ ತೆಗೆದು, ಕರೆಂಟ್ ಅಡಾಪ್ಟರ್ ಇರೋ ಡಬ್ಬಿ ಸಿಗುತ್ತೆ ಅಂಗಡೀಲಿ, ಅದಕ್ಕೆ ಹಾಕಿ ಲ್ಯಾಪ್‌ಟಾಪಿಗೆ ಕೊಡಿ. ಕಾಣಿಸ್ಕೊಂಡ್ರೆ ನಿಮ್ಮ ಪುಣ್ಯ. ಎಲ್ಲಾ ಒಟ್ಟಿಗೆ ಎಳೀಬೇಡಿ, ಯಾವುದು ಮುಖ್ಯಾನೋ ಅದನ್ನ ಮೊದಲು. ಯಾವಾಗ ಬೇಕಾದ್ರೂ ನಿಂತುಹೋಗಬಹುದು."

"ನಿಂತುಹೋದ್ರೆ?"

"ದೊಡ್ಡ ಲ್ಯಾಬಿಗೆ ಕಳಿಸ್ಬೇಕು. ವಾರಗಟ್ಟಲೆ ಹಿಡಿಯುತ್ತೆ. ಸಾರ್, ನನ್ನ ಕರೀತಿದಾರೆ, ಇಡ್ತೀನಿ."

ಮೂಲೆಯ ಅಂಗಡಿಯಿಂದ ಡಬ್ಬಿ ತರುವಷ್ಟರಲ್ಲಿ ನಾನು ಬಿಚ್ಚಿಟ್ಟಿದ್ದ ಡಿಸ್ಕನ್ನು ಚಿಕ್ಕಪ್ಪ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಫ್ರಿಜ್ಜಿನ ಬಾಗಿಲು ತೆರೆದಿದ್ದ. ತಣ್ಣಗೆ ಮಾಡಿದರೆ ಸರಿಹೋಗುತ್ತದೆಂದು ಯಾರೋ ಹೇಳಿದ್ದರಂತೆ.

"ಅದೇನು ಐಸ್‌ಕ್ರೀಮಾ? ಕೊಡಿ ಇಲ್ಲಿ!" ಚಿಕ್ಕಮ್ಮ ಅದನ್ನು ಕಿತ್ತುಕೊಂಡು, ಆಗತಾನೆ ಹುಟ್ಟಿದ ಕೂಸನ್ನು ಹಿಡಿಯುವಂತೆ ಎರಡೂ ಕೈಯಲ್ಲಿ ನನಗೆ ಕೊಟ್ಟಳು.

ಡಿಸ್ಕನ್ನು ಡಬ್ಬಿಗೆ ಹಾಕಿ, ಮೇಜಿನ ಮೇಲೆ ಟವೆಲ್ ಹಾಸಿ ಇಟ್ಟು, ಲ್ಯಾಪ್‌ಟಾಪಿಗೆ ಸಿಕ್ಕಿಸಿದೆ. ಸ್ವಿಚ್ ಒತ್ತಿದೆ. ಟಕ್. ಟಕ್. ಆಮೇಲೆ ಏನೂ ಇಲ್ಲ. ಮೂವರೂ ಉಸಿರು ಬಿಗಿಹಿಡಿದೆವು. ಸುಯ್ ಎಂಬ ಸಣ್ಣ ಸದ್ದು ಹೊರಟಿತು. ಪರದೆಯ ಮೇಲೆ ಖಾನೆ ತೆರೆದುಕೊಂಡಿತು. ಪಾಠಗಳ ಹೆಸರುಗಳು ಸಾಲಾಗಿ ನಿಂತಿದ್ದವು.

"ಮೊದಲಿಂದ ಶುರುಮಾಡ್ತೀನಿ" ಎಂದು ಕೈ ಇಟ್ಟೆ.

"ನಿಲ್ಲು!" ಚಿಕ್ಕಮ್ಮ ನನ್ನ ಮಣಿಕಟ್ಟು ಹಿಡಿದಳು. "ನಕ್ಷೆ ಇರೋ ಪಾಠ ಮೊದಲು. ಗಾಳಿ, ಮಣ್ಣು, ಬಂದರು, ಗಡಿ."

"ಯಾಕೆ?"

"ಬೇರೆ ಪಾಠ ಯಾರು ಬೇಕಾದ್ರೂ ಓದ್ಬಹುದು. ನಕ್ಷೇನ ಹೇಗೆ ಓದ್ತಾರೆ? ಈ ಗಾಳಿ ಎಲ್ಲಿ ಹುಟ್ಟಿ ಎಲ್ಲಿ ತಿರುಗುತ್ತೆ, ನಿಮ್ಮ ಅಂಗೈ ಮೇಲೆ ಹೆಬ್ಬೆರಳಿನ ಬುಡದಿಂದ ಎಳೀರಿ ಅಂತ ಒಂದೊಂದನ್ನೂ ಕೂತು ಕಟ್ಟಿದೀನಿ ಕಣೋ. ಅದು ಹೋದ್ರೆ ನನ್ನ ಕೈಲೂ ಮತ್ತೆ ಆಗಲ್ಲ."

ಒಂದೊಂದನ್ನೇ ನನ್ನ ಲ್ಯಾಪ್‌ಟಾಪಿಗೆ ಎಳೆದೆ. ಎಷ್ಟು ಬಂತೆಂದು ತೋರಿಸುವ ಹಸಿರು ಪಟ್ಟಿ ಸ್ವಲ್ಪ ಸ್ವಲ್ಪವೇ ಮುಂದೆ ಹೋಗಿ ಅಲ್ಲಲ್ಲಿ ನಿಂತುಬಿಡುತ್ತಿತ್ತು. ನಿಂತಾಗಲೆಲ್ಲ ಚಿಕ್ಕಮ್ಮನ ತುಟಿ ಅಲ್ಲಾಡುತ್ತಿತ್ತು, ಮತ್ತೆ ಹೊರಟಾಗ ನಿಲ್ಲುತ್ತಿತ್ತು. ಚಿಕ್ಕಪ್ಪ ಕೆಮ್ಮು ಬಂದು ಅಂಗಳಕ್ಕೆ ಓಡಿದ. ಗಾಳಿ ಬಂತು, ಮಣ್ಣು ಬಂತು, ಬಂದರು ಬರುವಾಗ ಪಟ್ಟಿ ಎಷ್ಟು ಹೊತ್ತು ನಿಂತಿತೆಂದರೆ ಹಡಗು ಮುಳುಗಿತೆಂದೇ ತಿಳಿದೆ. ಬಂತು. ಗಡಿಯೂ ಬಂತು. ಆಮೇಲೆ ಬೇರೆ ಪಾಠಗಳು. ಕೊನೆಗೊಂದು ಉಳಿಯಿತು, ತೆರಿಗೆಗಳ ಪಾಠ. ಅದು ಅರ್ಧ ದಾಟಿದಾಗ ಟಕ್ ಎಂದಿತು. ಪಟ್ಟಿ ನಿಂತಿತು, ಖಾನೆ ಮುಚ್ಚಿಕೊಂಡಿತು. ಮತ್ತೆ ಆನ್ ಮಾಡಿದರೆ ಟಕ್ ಟಕ್ ಕೂಡ ಇಲ್ಲ. ಮೌನ.

"ತೆರಿಗೆ ತಾನೆ, ಹೋಗ್ಲಿ ಬಿಡು" ಎಂದ ಅಂಗಳದಿಂದ ಮರಳಿದ್ದ ಚಿಕ್ಕಪ್ಪ. "ಅದನ್ನ ಕಳಕೊಂಡೋರು ಯಾರೂ ಅತ್ತಿಲ್ಲ."

"ಅದರಲ್ಲಿ ದೊಡ್ಡ ಪ್ರಶ್ನೆ ಬಂದೇ ಬರುತ್ತೆ" ಎಂದಳು ಚಿಕ್ಕಮ್ಮ. ಪುಸ್ತಕ ತೆಗೆದು ಆ ಪುಟ ಹುಡುಕಿದಳು.

ಆಗಲೇ ಗೇಟಿನ ಸದ್ದಾಯಿತು. ಸಿಕ್ಕ ಪಾಠಗಳನ್ನು ನಾನು ತುಂಬಿಸಿಕೊಟ್ಟ ಪೆನ್‌ಡ್ರೈವ್ ಕೈಯಲ್ಲಿ ಹಿಡಿದು ವಾರ್ಡನ್, "ಇಷ್ಟು ಸಿಕ್ಕಿದ್ದೇ ಹೆಚ್ಚು ಮೇಡಂ, ಒಂದು ಪಾಠಕ್ಕೆ ಯಾಕೆ ಬೇಜಾರು?" ಎಂದರು. ಚಿಕ್ಕಮ್ಮ ಆಗಲೇ ಚಪ್ಪಲಿ ಹುಡುಕುತ್ತಿದ್ದಳು. ಪುಸ್ತಕವನ್ನು ಎದೆಗವಚಿಕೊಂಡು, "ನಡೀರಿ, ಅಲ್ಲೇ ಬಂದು ಓದ್ತೀನಿ. ಲೇ, ನೀನೂ ಬಾ, ಫೋನಲ್ಲಿ ರೆಕಾರ್ಡ್ ಮಾಡ್ಕೋ" ಎಂದಳು.

ಅವಳು ಇಷ್ಟು ವರ್ಷ ಓದಿಕೊಟ್ಟರೂ ಹಾಸ್ಟೆಲಿಗೆ ಕಾಲಿಟ್ಟಿರಲಿಲ್ಲ. ಉದ್ದನೆಯ ಕೋಣೆಯಲ್ಲಿ ಹುಡುಗಿಯರು ಮಂಚಗಳ ಅಂಚಿನಲ್ಲಿ ಕೂತರು. ಚಿಕ್ಕಮ್ಮ ಕುರ್ಚಿಯಲ್ಲಿ ನೆಟ್ಟಗೆ ಕೂತು ಗಂಟಲು ಸರಿಮಾಡಿಕೊಂಡಳು. ಪ್ರತಿ ಅಕ್ಷರವನ್ನೂ ತೊಳೆದು ಒರೆಸಿ ಇಡುವಂತೆ, ನಿಧಾನವಾಗಿ, ಸ್ಪಷ್ಟವಾಗಿ ಓದತೊಡಗಿದಳು. ಅರ್ಧ ಪುಟ ಆಗುವಷ್ಟರಲ್ಲಿ ಪಿಸುಗುಟ್ಟುವಿಕೆ ಶುರುವಾಯಿತು. ಒಬ್ಬಳು ಆಕಳಿಸಿದಳು. ಚಿಕ್ಕಮ್ಮನ ಕಿವಿ ಕೆಂಪಾದದ್ದು ನನಗೆ ಕಂಡಿತು. ಓದು ನಿಲ್ಲಿಸಿದಳು.

"ಏನಮ್ಮಾ, ಕೇಳಿಸ್ತಿಲ್ವಾ?"

ಎರಡು ಜಡೆಯ ಹುಡುಗಿಯೊಬ್ಬಳು ಕೇಳಿದಳು. "ಅಜ್ಜಿ, ನಿಮಗೆ ಹುಷಾರಿಲ್ವಾ?"

"ಚೆನ್ನಾಗಿದೀನಲ್ಲ! ಯಾಕೆ?"

"ಇಷ್ಟು ನಿಧಾನ ಓದ್ತಿದೀರಲ್ಲ... ನಾವು ನಿಮ್ಮನ್ನ ಯಾವಾಗ್ಲೂ ಎರಡರಷ್ಟು ಸ್ಪೀಡಲ್ಲಿ ಇಟ್ಕೊಂಡು ಕೇಳೋದು. ಇಲ್ಲಾಂದ್ರೆ ಪುಸ್ತಕ ಮುಗಿಯೋದೇ ಇಲ್ಲ."

ವಾರ್ಡನ್ ಮುಖ ಬಿಳಿಚಿತು. ಅರ್ಧ ಉಸಿರಿನ ತಪ್ಪಿಗೂ ಒಂದು ಪಾಠವನ್ನೇ ಮತ್ತೆ ಓದುವವಳು ಚಿಕ್ಕಮ್ಮ. ಎದ್ದು ಹೊರಟುಬಿಡುತ್ತಾಳೆಂದೇ ನಾನು ಫೋನು ಕೆಳಗಿಳಿಸಿದೆ. ಅವಳು ಕನ್ನಡಕ ತೆಗೆದು ಸೆರಗಿನಿಂದ ಒರೆಸಿದಳು. ಹಾಕಿಕೊಂಡಳು. ಒಂದು ಲೋಟ ನೀರು ಕೇಳಿ ಪೂರ್ತಿ ಕುಡಿದಳು.

"ನೀವು ಹಿಂದೆ ಬಿದ್ರೆ ನಾನು ಕಾಯಲ್ಲ" ಎಂದಳು.

ಆಮೇಲೆ ಓದಿದಳು ನೋಡಿ. ನೇರ ತೆರಿಗೆ, ಪರೋಕ್ಷ ತೆರಿಗೆ, ಸುಂಕ, ವಿನಾಯಿತಿ ಎಲ್ಲವೂ ಬ್ರೇಕಿಲ್ಲದ ಬಸ್ಸಿನಂತೆ ಹಾದುಹೋದವು. ನನ್ನ ತಲೆಗೆ ಒಂದಕ್ಷರವೂ ಹತ್ತಲಿಲ್ಲ. ಹುಡುಗಿಯರು ಮಾತ್ರ ಬೆನ್ನು ನೆಟ್ಟಗೆ ಮಾಡಿ, ತಲೆ ಒಂದಿಷ್ಟು ಓರೆ ಮಾಡಿ ಕೇಳುತ್ತಿದ್ದರು. ಒಬ್ಬಳ ಬೆರಳು ತೊಡೆಯ ಮೇಲೆ ಲೆಕ್ಕ ಹಾಕುತ್ತಿತ್ತು.

ಪಾಠ ಮುಗಿದಾಗ ಚಿಕ್ಕಮ್ಮ ಏದುಸಿರು ಬಿಡುತ್ತಿದ್ದಳು. ಎರಡು ಜಡೆಯವಳು ಪಕ್ಕದವಳ ತೋಳು ಹಿಡಿದು ಅಲ್ಲಾಡಿಸಿದಳು. "ಇವರೇ ಕಣೇ, ನಮ್ಮ ರೆಕಾರ್ಡಿನ ಅಜ್ಜಿ! ಈಗ ಗೊತ್ತಾಯ್ತು ನೋಡು, ಇವರೇ."